ಜೆನ್ನೆಯ ಕೆಸರಿಗೆ ಕೈ ಹಾಕುವ ಹಕ್ಕು ಯಾರದು?

ಮಾಲಿ ದೇಶದ ಜೆನ್ನೆ ಪಟ್ಟಣದಲ್ಲಿ ದೊಡ್ಡ ಮಸೀದಿಗೆ ಮಣ್ಣು ಮೆತ್ತುವ ದಿನ ಹತ್ತಿರವಾದಂತೆ ಕೆಲಸ ಮೊದಲು ಶುರುವಾಗುವುದು ಹೊಂಡಗಳಲ್ಲಿ. ನದಿಬಯಲಿನ ಜಿಗುಟು ಮಣ್ಣನ್ನು ಹೊಂಡಕ್ಕೆ ಸುರಿದು, ನೀರು ಹೊಯ್ದು, ಭತ್ತದ ಹೊಟ್ಟು ಬೆರೆಸಿ, ಸುಮಾರು 20 ದಿನ ಕೊಳೆಯಲು ಬಿಡುತ್ತಾರೆ. ಹುಡುಗರು ಅದಕ್ಕಿಳಿದು ತುಳಿದಾಡುತ್ತಾರೆ, ಒಬ್ಬರ ಮೇಲೊಬ್ಬರು ಕೆಸರೆರಚುತ್ತಾರೆ. ಮಣ್ಣು ಹದಗೊಳ್ಳುವುದೇ ಆ ಆಟದಿಂದಾದ್ದರಿಂದ ದೊಡ್ಡವರು ಅವರನ್ನು ಗದರಿ ಮೇಲೆಬ್ಬಿಸುವುದಿಲ್ಲ. ಹೊಟ್ಟು ಕೊಳೆತು ನಾತ ಬರತೊಡಗಿದ ಮೇಲೆ ಮಣ್ಣಿಗೆ ಅಂಟು ಬರುತ್ತದೆ, ಒಣಗಿದಾಗ ಬಿರುಕು ಬಿಡದ ಗುಣ ಬರುತ್ತದೆ. ಮೆತ್ತುವ ದಿನ ಬೆಳಕು ಹರಿಯುವ ಹೊತ್ತಿಗೆ ಯುವಕರು ಬುಟ್ಟಿ ಹೊತ್ತು ಕೇರಿ ಕೇರಿಗಳ ನಡುವೆ ಪೈಪೋಟಿ ಕಟ್ಟಿಕೊಂಡವರಂತೆ ಓಡುತ್ತಾರೆ, ಹೆಂಗಸರು ಮತ್ತು ಹುಡುಗಿಯರು ನೀರು ಹೊರುತ್ತಾರೆ, ಗೋಡೆಯಿಂದ ಹೊರಗೆ ಚಾಚಿಕೊಂಡಿರುವ ತಾಳೆಮರದ ತುಂಡುಗಳನ್ನೇ ಅಟ್ಟಣೆ ಮಾಡಿಕೊಂಡು ಮೇಸ್ತ್ರಿಗಳು ಬರಿಗೈಯಲ್ಲಿ ಮೆತ್ತುತ್ತ ಹೋಗುತ್ತಾರೆ. 1907ರಲ್ಲಿ ಈಗಿನ ರೂಪ ಪಡೆದ, ಜಗತ್ತಿನ ಅತಿ ದೊಡ್ಡ ಮಣ್ಣಿನ ಕಟ್ಟಡ ಎನ್ನಿಸಿಕೊಂಡ ಈ ಮಸೀದಿ ಮಳೆಗಾಲವನ್ನು ದಾಟುವುದು ಈ ಮಣ್ಣಿನ ಹೊದಿಕೆಯ ಬಲದಿಂದ.

ಕೂಲಿ ಇಲ್ಲದ ಈ ದುಡಿಮೆಗೆ ಪತ್ರಿಕೆಗಳು ‘ಸ್ವಯಂಸೇವೆ’ ಎಂದು ಬರೆಯುತ್ತವೆ. ನನಗೆ ಆ ಪದ ಸರಿ ಕೂರುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತೆಂದರೆ ಮುಯ್ಯಾಳು: ನಾಟಿಯ ದಿನ ನಮ್ಮ ಗದ್ದೆಗೆ ಇಳಿದವರ ಗದ್ದೆಗೆ ನಾವೂ ಇಳಿಯಬೇಕು, ಅದಕ್ಕೆ ಕೂಲಿಯ ಲೆಕ್ಕವಿಲ್ಲ, ಆದರೆ ಋಣದ ಲೆಕ್ಕವಿದೆ. ಆಫ್ರಿಕಾದ ಹಲವು ಭಾಷೆಗಳಲ್ಲಿ ಇಂಥ ಕೂಡುದುಡಿಮೆಗೆ ಅವುಗಳದೇ ಹೆಸರುಗಳಿವೆ. ಉಗಾಂಡದ ಬಗಾಂಡಾ ಜನ ‘ಬುಲುಂಗಿ ಬ್ವಾನ್ಸಿ’ ಎನ್ನುತ್ತಾರೆ, ನಾಡಿನ ಒಳಿತು ಎಂಬ ಅರ್ಥದಲ್ಲಿ. ಕೆನ್ಯಾದಲ್ಲಿ ‘ಹರಾಂಬೆ’ ರಾಷ್ಟ್ರದ ಧ್ಯೇಯವಾಕ್ಯವೇ ಆಗಿದೆ. ರುವಾಂಡಾದ ‘ಉಮುಗಾಂಡಾ’ ಈಗ ತಿಂಗಳ ಕೊನೆಯ ಶನಿವಾರ ಸರ್ಕಾರವೇ ಕಡ್ಡಾಯಗೊಳಿಸಿರುವ ಕೆಲಸವಾದ್ದರಿಂದ ಅದನ್ನು ಸ್ವಇಚ್ಛೆಯ ಸೇವೆ ಎನ್ನುವುದು ಕಷ್ಟ. ಪರಂಪರೆಯನ್ನು ಉಳಿಸಲು ಹೊರಗಿನಿಂದ ಹೋಗುವವರು ಈ ಪದಗಳ ವ್ಯತ್ಯಾಸವನ್ನು ಗಮನಿಸದೆ ಹೋದಾಗಲೇ ತೊಡಕು ಆರಂಭವಾಗುತ್ತದೆ. ಮುಯ್ಯಾಳಿಗೆ ಹೋದವನಿಗೆ ಊರಿನೊಂದಿಗೆ ಕೊಡು-ಕೊಳ್ಳುವಿಕೆಯ ಸಂಬಂಧವಿರುತ್ತದೆ. ಎರಡು ವಾರಕ್ಕೆಂದು ವಿಮಾನ ಹತ್ತಿ ಬಂದವನಿಗೆ ಊರು ಮುಯ್ಯಿ ತೀರಿಸುವ ದಾರಿಯೂ ಇಲ್ಲ, ಅವನನ್ನು ಪ್ರಶ್ನಿಸುವ ದಾರಿಯೂ ಇಲ್ಲ.

ಹೀಗೆ ಹೋಗುವವರೆಲ್ಲ ಒಂದೇ ಬಗೆಯವರಲ್ಲ. ಯುನೆಸ್ಕೋ 2008ರಲ್ಲಿ ಆರಂಭಿಸಿದ ವಿಶ್ವ ಪರಂಪರೆ ಸ್ವಯಂಸೇವಕರ ಯೋಜನೆಯಲ್ಲಿ ಯುವಜನರ ಶಿಬಿರಗಳು ಸ್ಥಳೀಯ ಸಂಘಗಳ ಮೂಲಕ ನಡೆಯುತ್ತವೆ. ಅದರ ಇನ್ನೊಂದು ತುದಿಯಲ್ಲಿ ಶುಲ್ಕ ಕಟ್ಟಿಸಿಕೊಂಡು ‘ಆಫ್ರಿಕಾದ ಸಂಸ್ಕೃತಿ ಉಳಿಸಿ’ ಎಂದು ಯುವಕರನ್ನು ಕರೆದೊಯ್ಯುವ ಪ್ರವಾಸಗಳಿವೆ. ಅಲ್ಲಿ ಬೆಳಿಗ್ಗೆ ಗೋಡೆಗೆ ಸುಣ್ಣ, ಮಧ್ಯಾಹ್ನ ಕರಕುಶಲ ಪಾಠ, ವಾರಾಂತ್ಯಕ್ಕೆ ಸಫಾರಿ. ಎರಡನೆಯದನ್ನು ಗೇಲಿ ಮಾಡುವುದು ಸುಲಭ. ಆದರೆ ಒಳ್ಳೆಯ ಮನಸ್ಸಿನ, ಒಳ್ಳೆಯ ತರಬೇತಿಯ, ಸಾಕಷ್ಟು ಹಣದ ನೆರವು ಕೂಡ ಎಡವಿದ ಸಂದರ್ಭಗಳಿವೆ, ಹೆಚ್ಚು ಕಲಿಯಬೇಕಾದದ್ದು ಅವುಗಳಿಂದ. ಜೆನ್ನೆಯೇ ಅಂಥದ್ದೊಂದು ಸಂದರ್ಭ.

ವರ್ಷ ವರ್ಷವೂ ಮೆತ್ತಿದ ಮಣ್ಣು ಪದರ ಪದರವಾಗಿ ಸೇರಿ ಮಸೀದಿಯ ಗೋಡೆ ಮತ್ತು ಛಾವಣಿಗೆ ಭಾರವಾಗಿತ್ತು. ದುರಸ್ತಿಗೆ ಮುಂದೆ ಬಂದ ಆಗಾ ಖಾನ್ ಸಂಸ್ಕೃತಿ ಟ್ರಸ್ಟಿನ ಪರವಾಗಿ 2006ರಲ್ಲಿ ಒಂದು ತಂಡ ಛಾವಣಿಯನ್ನು ಪರೀಕ್ಷಿಸುತ್ತಿದ್ದಾಗ ಊರಿನಲ್ಲಿ ಗಲಭೆಯೇ ಆಯಿತು. ತಾಂತ್ರಿಕವಾಗಿ ನೋಡಿದರೆ ತಂಡದ ಆತಂಕ ಸುಳ್ಳಾಗಿರಲಿಲ್ಲ: 2009ರ ನವೆಂಬರ್‌ನಲ್ಲಿ ಒಂದೇ ದಿನ ಸುರಿದ ಭಾರಿ ಮಳೆಗೆ ಮಸೀದಿಯ ಒಂದು ಗೋಪುರದ ಮೇಲ್ಭಾಗ ಕುಸಿದುಬಿತ್ತು, ಅದನ್ನು ಮರಳಿ ಕಟ್ಟಲು ಹಣ ಕೊಟ್ಟದ್ದೂ ಅದೇ ಟ್ರಸ್ಟ್. ಹಳೆಯ ಪದರಗಳನ್ನು ಕೆರೆದು ತೆಗೆದು ಗೋಡೆಯನ್ನು ಹಗುರಗೊಳಿಸಲಾಯಿತು. ಆದರೆ ಕಟ್ಟಡ ದುರಸ್ತಿಯಲ್ಲಿದ್ದಾಗ ಮಣ್ಣು ಮೆತ್ತುವ ಹಬ್ಬ ನಿಂತಿತು, ಊರಿನವರ ಅಸಮಾಧಾನಕ್ಕೆ ಅದೂ ಕಾರಣವಾಯಿತು. ಎಂಜಿನಿಯರನ ಕಣ್ಣಿಗೆ ಆ ಮಣ್ಣು ಭಾರವಾದ ಹೊದಿಕೆ. ಊರಿನವರಿಗೆ ಅದು ಅಪ್ಪ, ಅಜ್ಜಂದಿರು ಓಡೋಡಿ ಹೊತ್ತು ತಂದ ಮಣ್ಣು. ಕಟ್ಟಡವನ್ನು ಉಳಿಸಲು ಕಟ್ಟಡವನ್ನು ಉಳಿಸಿಕೊಳ್ಳುವ ಪದ್ಧತಿಯನ್ನೇ ಒಂದೆರಡು ವರ್ಷ ನಿಲ್ಲಿಸಬೇಕಾಗಿ ಬಂದದ್ದು ಇಲ್ಲಿನ ವಿಪರ್ಯಾಸ.

ಇನ್ನೊಂದು ತಕರಾರು ಮಸೀದಿಯಿಂದಾಚೆಗಿನದು. 1988ರಲ್ಲಿ ಜೆನ್ನೆಯ ಹಳೆಯ ಊರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿನ ಮನೆಗಳಿಗೂ ನಿಯಮ ಬಂತು. ಮಣ್ಣಿನ ಗೋಡೆಗೆ ಆಗಾಗ ಸಾರಣೆ ಮಾಡಿಸಲು ಹಣ ಬೇಕು, ಹೊಟ್ಟು ಬೇಕು, ಆಳು ಬೇಕು. ಆದ್ದರಿಂದ ಅನುಕೂಲವಿದ್ದವರು ಗೋಡೆಯ ಹೊರಮೈಗೆ ಸುಟ್ಟ ಮಣ್ಣಿನ ಬಿಲ್ಲೆ ಹೊದಿಸತೊಡಗಿದರು. ಪರಂಪರೆಯ ಅಧಿಕಾರಿಗಳಿಗೆ ಅದು ಸಮ್ಮತವಲ್ಲ. ನೆಲಕ್ಕೆ ಟೈಲ್ಸ್ ಹಾಕಿಸಿ ಸ್ವಲ್ಪ ದೊಡ್ಡ ಕೋಣೆಯಲ್ಲಿ ಇರಬೇಕೆಂಬ ಆಸೆ ಕೂಡ ನಿಯಮಭಂಗವಾಗುವ ಊರಿನಲ್ಲಿ, ಹೊರಗಿನಿಂದ ಬಂದ ಸ್ವಯಂಸೇವಕ ‘ನಿಮ್ಮ ಮನೆ ಎಷ್ಟು ಚೆನ್ನಾಗಿದೆ, ಹೀಗೇ ಇಟ್ಟುಕೊಳ್ಳಿ’ ಎಂದರೆ ಆ ಹೊಗಳಿಕೆಯ ಖರ್ಚನ್ನು ಭರಿಸುವವರು ಯಾರು ಎಂಬ ಪ್ರಶ್ನೆ ಏಳದೆ ಇರುವುದಿಲ್ಲ.

ದುಡಿಯಲು ಯಾರಿಗೆ ಹಕ್ಕಿದೆ ಎಂಬ ಮಾತು ಜೆನ್ನೆಗಿಂತಲೂ ಸ್ಪಷ್ಟವಾಗಿ ಕಾಣುವುದು ಉಗಾಂಡದ ಕಂಪಾಲಾ ನಗರದ ಕಸುಬಿ ಗುಡ್ಡದ ಮೇಲೆ. ಅಲ್ಲಿ ಬುಗಾಂಡಾ ರಾಜ್ಯದ ನಾಲ್ವರು ಅರಸರ, ಅಂದರೆ ಕಬಾಕರ, ಸಮಾಧಿಗಳಿವೆ. 1882ರಲ್ಲಿ ಅರಮನೆಯಾಗಿ ಕಟ್ಟಿದ, 1884ರಿಂದ ಸಮಾಧಿಯಾದ ಮುಖ್ಯ ಮನೆ ನೆಲ ಮುಟ್ಟುವಂತೆ ಹುಲ್ಲು ಹೊದಿಸಿದ ದೊಡ್ಡ ಗುಮ್ಮಟ. ಒಳಗೆ ತಲೆಯೆತ್ತಿ ನೋಡಿದರೆ ಸೂರಿನ ಕೆಳಗೆ ಒಂದರೊಳಗೊಂದು 52 ಬಳೆಗಳು, ಬಗಾಂಡಾ ಜನರ 52 ಕುಲಗಳಿಗೆ ಒಂದೊಂದರಂತೆ. 2010ರ ಮಾರ್ಚ್ 16ರ ರಾತ್ರಿ ಆ ಮನೆ ಸುಟ್ಟು ಬೂದಿಯಾಯಿತು. ವಿಶ್ವ ಪರಂಪರೆಯ ಪಟ್ಟಿಯಲ್ಲಿ 2001ರಿಂದಲೂ ಇದ್ದ ಸ್ಥಳ ಅದೇ ವರ್ಷ ‘ಅಪಾಯದಲ್ಲಿರುವ’ ಪಟ್ಟಿಗೆ ಹೋಯಿತು. ಅದು ಆ ಪಟ್ಟಿಯಿಂದ ಹೊರಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ.

ಹದಿಮೂರು ವರ್ಷ ಏಕೆ ಹಿಡಿಯಿತು ಎಂದು ಬೇಸರಪಡುವವರು ಮೊದಲು ಅಲ್ಲಿನ ಕೆಲಸದ ಹಂಚಿಕೆಯನ್ನು ನೋಡಬೇಕು. ನಮ್ಮಲ್ಲಿ ಪ್ರಾಣಿ, ಮರಗಳ ಹೆಸರು ಹೊತ್ತ ಬಳಿ, ಬೆಡಗುಗಳಿರುವಂತೆ ಅಲ್ಲಿನ ಕುಲಗಳಿಗೂ ಪ್ರಾಣಿಗಳ ಹೆಸರುಗಳಿವೆ, ಒಂದೊಂದು ಕುಲಕ್ಕೂ ಅರಸನ ಮನೆಯಲ್ಲಿ ಒಂದೊಂದು ಹೊಣೆ. ಹುಲ್ಲು ಹೊದಿಸುವ ಹೊಣೆ ಎನ್‌ಗೆಯೆ ಕುಲದ್ದು; ಅದು ಕೊಲೊಬಸ್ ಎಂಬ ಕೋತಿಯ ಹೆಸರಿನ ಕುಲ. ಒಳಗೆ ತೂಗುಬಿಡುವ ತೊಗಟೆಬಟ್ಟೆ ಅರಸುಮನೆಗೆ ಬರುತ್ತಿದ್ದದ್ದು ನೀರುನಾಯಿಯ ಹೆಸರಿನ ಎನ್‌ಗೊಂಗೆ ಕುಲದ ಕುಶಲಿಗಳಿಂದ. ಮುತುಬಾ ಎಂಬ ಅತ್ತಿಯ ಜಾತಿಯ ಮರದ ಒಳತೊಗಟೆಯನ್ನು ಮಳೆಗಾಲದಲ್ಲಿ ಸುಲಿದು, ಬಗೆಬಗೆಯ ಮರದ ಕೊಡತಿಗಳಿಂದ ಬಡಿದು ಬಡಿದು ಹಿಗ್ಗಿಸಿ, ಇಟ್ಟಿಗೆ ಬಣ್ಣದ ಮೆತ್ತನೆಯ ಬಟ್ಟೆ ಮಾಡುತ್ತಾರೆ. ಸುಲಿದ ಮರಕ್ಕೆ ಬಾಳೆಲೆ ಸುತ್ತಿ ಕಾಪಾಡಿದರೆ ಮತ್ತೆ ತೊಗಟೆ ಬರುತ್ತದೆ. ಇಂಥ ಕಡೆ ‘ನಾನೂ ಒಂದು ಕೈ ಹಾಕುತ್ತೇನೆ’ ಎಂದು ಹುಲ್ಲಿನ ಕಂತೆಯನ್ನು ಎತ್ತಿಕೊಳ್ಳುವವನು ಎಷ್ಟೇ ಭಕ್ತಿಯಿಂದ ಬಂದಿರಲಿ, ಅದು ನೆರವಾಗುವುದಿಲ್ಲ. ಅವನ ಕೈ ಬಿದ್ದ ಸೂರು ಬಿಸಿಲು ಮಳೆ ತಡೆಯಬಹುದು, ಆದರೆ ಅದು ಕಬಾಕರ ಮನೆಯ ಸೂರಾಗಿ ಉಳಿಯುವುದಿಲ್ಲ. ಹಾಗೆಂದು ಹೊರಗಿನವರಿಗೆ ಅಲ್ಲಿ ಕೆಲಸವೇ ಇರಲಿಲ್ಲವೆಂದಲ್ಲ. ಜಪಾನ್ ಯುನೆಸ್ಕೋದ ಮೂಲಕ ಹಣ ಕೊಟ್ಟದ್ದು ಮುಖ್ಯವಾಗಿ ಬೆಂಕಿ ತಡೆಯುವ, ಬೆಂಕಿ ಬಿದ್ದರೆ ಆರಿಸುವ ವ್ಯವಸ್ಥೆಗೆ. ಹುಲ್ಲು ಕಟ್ಟುವುದು ಕುಲದವರ ಕೆಲಸ, ನೀರಿನ ಕೊಳವೆ ಹಾಕುವುದಕ್ಕೆ ಯಾವ ಕುಲದ ತಡೆಯೂ ಇಲ್ಲ. ನಾನು ಓದಿದ ಪ್ರಕರಣಗಳಲ್ಲಿ ಇಷ್ಟು ವಿವೇಕದ ಹಂಚಿಕೆ ಅಪರೂಪ.

ಉಳಿಸುವುದೇ ತಪ್ಪಾಗುವ ವಸ್ತುಗಳೂ ಇವೆ. ಕೆನ್ಯಾದ ಕರಾವಳಿಯ ಮಿಜಿಕೆಂಡಾ ಜನರಲ್ಲಿ, ಅದರಲ್ಲೂ ಗಿರಿಯಾಮರಲ್ಲಿ, ಗೋಹು ಎಂಬ ಕೂಟಕ್ಕೆ ಸೇರಿದ ಹಿರಿಯ ತೀರಿಕೊಂಡಾಗ ಅವನ ನೆನಪಿಗೆ ಕೆತ್ತಿದ ಮರದ ಕಂಬವೊಂದನ್ನು ನಿಲ್ಲಿಸುತ್ತಾರೆ. ಒಂದಾದರೆ ಕಿಗಾಂಗೋ, ಹಲವಾದರೆ ವಿಗಾಂಗೋ. ನಮ್ಮ ವೀರಗಲ್ಲಿನಂತೆ ಅದು ಶಾಶ್ವತವಾಗಿ ನಿಲ್ಲಲಿ ಎಂಬ ಉದ್ದೇಶ ಅಲ್ಲಿಲ್ಲ. ನೆಟ್ಟಲ್ಲೇ ಬಿಸಿಲು ಮಳೆ ತಿಂದು, ಗೆದ್ದಲು ಹತ್ತಿ, ಮಣ್ಣಾಗಬೇಕು. ಅದನ್ನು ಕಿತ್ತರೆ ಮನೆತನಕ್ಕೆ ಕೇಡು ಎಂಬ ನಂಬಿಕೆ ಗಟ್ಟಿಯಾಗಿದೆ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಇಂಥ ನೂರಾರು ಕಂಬಗಳು ಕಳುವಾಗಿ, ಪ್ರವಾಸಿಗರ ಅಂಗಡಿಗಳ ಮೂಲಕ ಅಮೆರಿಕದ ಸಂಗ್ರಹಾಲಯಗಳನ್ನು ಸೇರಿದವು. ಅಲ್ಲಿ ಅವನ್ನು ಹದವಾದ ತಂಪಿನಲ್ಲಿ, ಹುಳು ಹಿಡಿಯದಂತೆ, ಬಹಳ ಎಚ್ಚರದಿಂದ ಕಾಪಾಡಲಾಯಿತು. ಸಂಗ್ರಹಾಲಯದ ಲೆಕ್ಕದಲ್ಲಿ ಅದು ಸಂರಕ್ಷಣೆ, ಊರಿನ ಲೆಕ್ಕದಲ್ಲಿ ಹಿರಿಯನನ್ನು ಸೆರೆಯಲ್ಲಿಟ್ಟಂತೆ. ಡೆನ್ವರ್‌ನ ಪ್ರಕೃತಿ ಮತ್ತು ವಿಜ್ಞಾನ ಸಂಗ್ರಹಾಲಯ ತನ್ನಲ್ಲಿದ್ದ 30 ವಿಗಾಂಗೋಗಳನ್ನು ಕೊಡಲು 2014ರಲ್ಲಿ ಒಪ್ಪಿದರೂ ಅವು ಕೆನ್ಯಾ ತಲುಪಿದ್ದು 2019ರಲ್ಲಿ. ಈ ಕಂಬಗಳು ಯಾವ ಊರಿನವು, ಯಾವ ಮನೆತನದವು ಎಂದು ಹಳೆಯ ಛಾಯಾಚಿತ್ರಗಳನ್ನು ಹಿಡಿದು ವರ್ಷಗಟ್ಟಲೆ ಹುಡುಕಿದ ಕೆಲವೇ ಸಂಶೋಧಕರಿಂದಾಗಿ ಮರಳಿಸುವ ಮಾತು ಶುರುವಾಯಿತು. ಶಿಬಿರಗಳ ಜಾಹೀರಾತಿನಲ್ಲಿ ಚೆಂದ ಕಾಣುವ ಕೆಲಸ ಅದಲ್ಲ. ಆದರೆ ಆ ಊರುಗಳಿಗೆ ಬೇಕಿದ್ದದ್ದು ಅದೇ.

ಊರಿನವರೇ ಪ್ರಾಣ ಪಣಕ್ಕಿಟ್ಟು ದುಡಿದದ್ದು ಮಾಲಿಯದೇ ಇನ್ನೊಂದು ಊರಾದ ಟಿಂಬಕ್ಟುವಿನಲ್ಲಿ. 2012ರಲ್ಲಿ ಉಗ್ರರು ನಗರವನ್ನು ಹಿಡಿದು ಸಂತರ 14 ಸಮಾಧಿಗಳನ್ನು ಒಡೆದುಹಾಕಿದಾಗ, ಗ್ರಂಥಪಾಲಕ ಅಬ್ದುಲ್ ಕಾದಿರ್ ಹೈದರಾ ಮತ್ತು ಅವರ ಸಂಗಡಿಗರು ಮನೆಮನೆಗಳ ಹಸ್ತಪ್ರತಿಗಳನ್ನು ತಗಡಿನ ಪೆಟ್ಟಿಗೆಗಳಿಗೆ ತುಂಬಿ, ಕತ್ತೆಗಾಡಿಗಳಲ್ಲಿ, ಜೀಪುಗಳಲ್ಲಿ, ಕೊನೆಗೆ ನೈಜರ್ ನದಿಯ ದೋಣಿಗಳಲ್ಲಿ ರಾಜಧಾನಿ ಬಮಾಕೋಗೆ ಸಾಗಿಸಿದರು. ಪೆಟ್ಟಿಗೆಗಳ ಸಂಖ್ಯೆ ಎರಡು ಸಾವಿರ ದಾಟಿತ್ತು. ಹಸ್ತಪ್ರತಿಗಳು ಮೂರೂವರೆ ಲಕ್ಷಕ್ಕೂ ಹೆಚ್ಚು ಎಂಬ ಲೆಕ್ಕವನ್ನು ಕೆಲವು ವಿದ್ವಾಂಸರು ಒಪ್ಪುವುದಿಲ್ಲ; ಸಂಖ್ಯೆ ಎಷ್ಟೇ ಇರಲಿ, ಚಾಲಕರು, ದೋಣಿಯವರು, ಗ್ರಂಥಪಾಲಕರ ಅಣ್ಣತಮ್ಮಂದಿರ ಮಕ್ಕಳು ಹೊತ್ತ ಅಪಾಯ ಅದರಿಂದ ಕಡಿಮೆಯಾಗುವುದಿಲ್ಲ. ಹೊರಗಿನವರು ಇಲ್ಲಿ ಪೆಟ್ಟಿಗೆ ಹೊರಲಿಲ್ಲ, ಇಂಧನಕ್ಕೆ, ಬಾಡಿಗೆಗೆ ಹಣ ಹೊಂದಿಸಿದರು. ಮುಂದೆ ಅಮೆರಿಕದ ಮಿನ್ನೆಸೋಟಾದ ಹಿಲ್ ಹಸ್ತಪ್ರತಿ ಗ್ರಂಥಾಲಯ ಕ್ಯಾಮೆರಾ ಮತ್ತು ತರಬೇತಿ ಕೊಟ್ಟಿತು, ಪುಟ ತಿರುವಿ ಚಿತ್ರ ತೆಗೆದವರು ಮಾಲಿಯ ನೌಕರರು.

ಇದರ ಮುಂದಿನ ಭಾಗವನ್ನು ನಾವು ಹೆಚ್ಚು ಓದುವುದಿಲ್ಲ. ಒಣಹವೆಯ ಮರುಭೂಮಿಯಿಂದ ಬಂದ ಕಾಗದಕ್ಕೆ ಬಮಾಕೋದ ತೇವ ಒಗ್ಗುವುದಿಲ್ಲ. ಅಪಾಯದಿಂದ ಪಾರಾದ ಪುಟಗಳು ಬೂಸ್ಟು ಹಿಡಿಯುವ ಭಯದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದವು. 2025ರ ಆಗಸ್ಟ್‌ನಲ್ಲಿ ಸರ್ಕಾರಿ ಸಂಸ್ಥೆಯಾದ ಅಹ್ಮದ್ ಬಾಬಾ ಕೇಂದ್ರದ ಇನ್ನೂರಕ್ಕೂ ಹೆಚ್ಚು ಪೆಟ್ಟಿಗೆಗಳು ವಿಮಾನದಲ್ಲಿ ಟಿಂಬಕ್ಟುವಿಗೆ ಮರಳಿದವು. ಸಮಾಧಿಗಳ ವಿಷಯದಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2016ರಲ್ಲಿ ಆ ಉಗ್ರರಲ್ಲೊಬ್ಬನಾದ ಅಹ್ಮದ್ ಅಲ್ ಫಕಿ ಅಲ್ ಮಹ್ದಿಗೆ 9 ವರ್ಷ ಶಿಕ್ಷೆ ಕೊಟ್ಟು, ಮರುವರ್ಷ 27 ಲಕ್ಷ ಯೂರೋ ಪರಿಹಾರವನ್ನು ನಿಗದಿಪಡಿಸಿತು. ಆ ಆದೇಶದ ಒಂದು ಅಂಶ ನಮ್ಮ ವಿಷಯಕ್ಕೆ ಬಹಳ ಮುಖ್ಯ: ಮಾಲಿ ದೇಶಕ್ಕೂ, ಜಗತ್ತಿನ ಪರವಾಗಿ ಯುನೆಸ್ಕೋಗೂ ಸಾಂಕೇತಿಕವಾಗಿ ಒಂದೊಂದು ಯೂರೋ, ಸಮಾಧಿಗಳನ್ನೇ ನಂಬಿ ಬದುಕುತ್ತಿದ್ದವರಿಗೆ, ಆ ಸಂತರ ವಂಶದವರಿಗೆ ನಿಜವಾದ ಪರಿಹಾರ. ‘ಮನುಕುಲದ ಆಸ್ತಿ’ ಎಂಬ ದೊಡ್ಡ ಮಾತಿನ ಬೆಲೆ ಒಂದು ಯೂರೋ, ದಿನವೂ ಕಸ ಗುಡಿಸಿ ದೀಪ ಹಚ್ಚುವವರ ನಷ್ಟ ಬೇರೆಯೇ ಎಂದು ನ್ಯಾಯಾಲಯವೊಂದು ಲೆಕ್ಕ ಹಾಕಿದ್ದು ನನಗೆ ಸರಿಯೆನಿಸುತ್ತದೆ.

ದೂರದಲ್ಲಿದ್ದುಕೊಂಡೇ ಮಾಡಬಹುದಾದ ಕೆಲಸಗಳು ಈಗ ಬೆಳೆದಿವೆ. 2014ರಿಂದ ನಡೆಯುತ್ತಿರುವ ‘ವಿಕಿ ಲವ್ಸ್ ಆಫ್ರಿಕಾ’ ಛಾಯಾಚಿತ್ರ ಸ್ಪರ್ಧೆ, ಆಫ್ರಿಕಾದ ಭಾಷೆಗಳಿಗೆ ಯಂತ್ರಾನುವಾದ ರೂಪಿಸಲು 2019ರಲ್ಲಿ ಹುಟ್ಟಿದ ‘ಮಸಾಖಾನೆ’ ಎಂಬ ಬಳಗ, ಇವುಗಳಲ್ಲಿ ದುಡಿಯುವವರು ಬಹುಪಾಲು ಆಫ್ರಿಕನ್ನರೇ. ಆದರೆ ನನ್ನ ಮೆಚ್ಚಿನ ಉದಾಹರಣೆ ಇದಕ್ಕಿಂತ ಹಳೆಯದು. ಪಶ್ಚಿಮ ಆಫ್ರಿಕಾದ ಉದ್ದಗಲಕ್ಕೂ ಕೋಟಿಗಟ್ಟಲೆ ಜನ ಆಡುವ ಫುಲಾನಿ ಭಾಷೆಗೆ ಅದರದೇ ಆದ ಲಿಪಿ ಇರಲಿಲ್ಲ. ಅರಬ್ಬೀ ಅಕ್ಷರಗಳಲ್ಲಿ ಬರೆದರೆ ಕೆಲವು ಧ್ವನಿಗಳೇ ತಪ್ಪಿಹೋಗುತ್ತಿದ್ದವು. 1989ರಲ್ಲಿ ಗಿನಿ ದೇಶದ ಇಬ್ಬರು ಹುಡುಗರು, 14 ವರ್ಷದ ಇಬ್ರಾಹಿಮಾ ಬ್ಯಾರಿ ಮತ್ತು 10 ವರ್ಷದ ಅಬ್ದುಲಾಯೆ ಬ್ಯಾರಿ, ಮನೆಯಲ್ಲಿ ಕುಳಿತು ಹೊಸ ಅಕ್ಷರಗಳನ್ನು ಗೀಚಿ ‘ಅದ್ಲಾಮ್’ ಲಿಪಿಯನ್ನು ಕಟ್ಟಿದರು. ಪುಸ್ತಕಗಳನ್ನು ಕೈಯಲ್ಲೇ ನಕಲು ಮಾಡಿ ಹಂಚಿದರು. ಕಲಿತವರಿಗೆ ಅವರು ಹಾಕಿದ ಕರಾರು ಒಂದೇ: ನೀವು ಇನ್ನು ಮೂವರಿಗಾದರೂ ಕಲಿಸಬೇಕು. ಶುಲ್ಕವಿಲ್ಲದ ಈ ಪಾಠದಲ್ಲಿ ಮತ್ತೆ ಮುಯ್ಯಿಯ ಲೆಕ್ಕವೇ ಕಾಣುತ್ತದೆ, ಇಲ್ಲಿ ಋಣ ತೀರಿಸುವುದು ಹಿಂದಕ್ಕಲ್ಲ, ಮುಂದಕ್ಕೆ. ಸಂತೆಯಿಂದ ಸಂತೆಗೆ, ದೇಶದಿಂದ ದೇಶಕ್ಕೆ ಹಬ್ಬಿದ ಲಿಪಿ 2016ರಲ್ಲಿ, ಕಂಪ್ಯೂಟರುಗಳು ಲಿಪಿಗಳನ್ನು ಗುರುತಿಸಲು ಬಳಸುವ ಯೂನಿಕೋಡ್ ಸೇರಿತು. ಆ ಹಂತದಲ್ಲಿ ಅಕ್ಷರವಿನ್ಯಾಸಕಾರರು, ತಂತ್ರಜ್ಞರು ಎಂದು ಹೊರಗಿನವರು ಬಂದರು. ಕೇಳಿದ ಮೇಲೆ ಬಂದರು, ಕೇಳಿದಷ್ಟನ್ನು ಮಾಡಿಕೊಟ್ಟರು.

ಕನ್ನಡದ ಓದುಗರಿಗೆ ಈ ಪ್ರಶ್ನೆ ಸಮುದ್ರದಾಚೆಯದೇ ಆಗಬೇಕಿಲ್ಲ. ಆಫ್ರಿಕಾದ ಮೂಲದ ಸಿದ್ದಿ ಜನ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ತಲೆಮಾರುಗಳಿಂದ ಇದ್ದಾರೆ. ಅವರು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಅವರ ಡಮಾಮ್ ವಾದ್ಯ ಮತ್ತು ಕುಣಿತವನ್ನು ಚಿತ್ರೀಕರಿಸಿಕೊಳ್ಳಲು ಬರುವವರಿಗೆ ಕೊರತೆಯಿಲ್ಲ, ಹೆಂಗಸರು ಹಳೆಯ ಬಟ್ಟೆಗಳಿಂದ ಹೊಲಿಯುವ ಕೌದಿಗಳು ವಿದೇಶದ ಪ್ರದರ್ಶನಗಳಿಗೂ ಹೋಗುತ್ತವೆ. ಅಂಚಿನಿಂದ ಹೊಲಿಯುತ್ತ ನಡುವಿಗೆ ಬಂದು, ಮೂಲೆಗೆ ‘ಫೂಲ್’ ಎನ್ನುವ ಮುಕ್ಕೋನದ ತುಂಡು ಇಡದಿದ್ದರೆ ಕೌದಿ ಮುಗಿದಂತಲ್ಲ ಎನ್ನುವ ಆ ಹೆಂಗಸರಿಗೆ ಹೊಲಿಗೆ ಕಲಿಸುವ ಶಿಬಿರ ಬೇಕಾಗಿಲ್ಲ. ಕೌದಿಗೆ ಸಿಗುವ ಬೆಲೆಯಲ್ಲಿ ಅವರ ಪಾಲೆಷ್ಟು ಎಂದು ಬರೆದಿಡುವವರು ಬೇಕು.

ಮತ್ತೆ ಜೆನ್ನೆಯ ಮಾತಿಗೆ ಬಂದರೆ, 2012ರಿಂದ ಹಬ್ಬಿದ ಹಿಂಸೆಯಿಂದಾಗಿ ಪ್ರವಾಸಿಗರು ಹೆಚ್ಚುಕಡಿಮೆ ನಿಂತೇ ಹೋಗಿದ್ದಾರೆ, 2016ರಲ್ಲಿ ಊರು ಅಪಾಯದ ಪಟ್ಟಿಗೂ ಸೇರಿತು. ಹೀಗಿದ್ದರೂ 2024ರ ಮೇ ತಿಂಗಳಲ್ಲಿ ಸಾವಿರಾರು ಜನ ಬುಟ್ಟಿ, ಬಕೆಟ್ಟು ಹಿಡಿದು ಮಸೀದಿಗೆ ಮಣ್ಣು ಮೆತ್ತಿದರು. ಆ ಒಂದು ದಿನಕ್ಕೆ ಕೈಗಳ ಕೊರತೆ ಎಂದೂ ಆಗಿಲ್ಲ. ಕೊರತೆ ಇರುವುದು ಉಳಿದ ದಿನಗಳಲ್ಲಿ. ಜೆನ್ನೆಯ ಮೇಸ್ತ್ರಿಗಳ ಸಂಘವಾದ ‘ಬಾರೇ ಟೋನ್’ನಲ್ಲಿ ಊರಿನ ಒಂದೊಂದು ಮನೆತನಕ್ಕೂ ತಲೆಮಾರಿನಿಂದ ನಡೆದುಬಂದ ಮೇಸ್ತ್ರಿ ಮನೆತನವಿರುತ್ತದೆ, ಹುಡುಗ ಕೈ ಪಳಗಿಸಿಕೊಳ್ಳುವುದು ಮಸೀದಿಯ ಗೋಪುರದ ಮೇಲಲ್ಲ, ಬಡವರ ಮನೆಯ ಗೋಡೆಯ ಮೇಲೆ. 1996ರಿಂದ ಕೆಲವು ವರ್ಷ ನೆದರ್ಲೆಂಡ್ಸ್ ದೇಶದ ಹಣದಲ್ಲಿ ನೂರರ ಆಸುಪಾಸು ಹಳೆಯ ಮನೆಗಳನ್ನು ಇದೇ ಮೇಸ್ತ್ರಿಗಳಿಗೆ ಕೂಲಿ ಕೊಟ್ಟು ದುರಸ್ತಿ ಮಾಡಿಸಿದ್ದರು, ಆಗ ಕಲಿಯುವ ಹುಡುಗರಿಗೂ ಕೆಲಸ ಸಿಕ್ಕಿತ್ತು. ಈಗ ಮಣ್ಣಿನ ಮನೆಗೆ ಬಿಲ್ಲೆ ಹೊದಿಸಿದಂತೆಲ್ಲ, ಸಿಮೆಂಟು ಬಂದಂತೆಲ್ಲ, ಸಾರಣೆ ಮಾಡಿಸಲು ಹಣವಿಲ್ಲದಂತೆಲ್ಲ, ಮೇಸ್ತ್ರಿಯ ಮಗ ಕೆಲಸ ಹುಡುಕಿಕೊಂಡು ಬಮಾಕೋದ ಬಸ್ಸು ಹತ್ತುತ್ತಾನೆ. ಅವನು ಮಣ್ಣು ಮೆತ್ತುವ ದಿನಕ್ಕೆ ಊರಿಗೆ ಬಂದು ಬುಟ್ಟಿ ಹೊತ್ತು ಓಡಬಹುದು, ಆದರೆ ತಾಳೆಮರದ ತುಂಡಿನ ಮೇಲೆ ನಿಂತು ಮೆತ್ತುವ ಕೈ ಅವನದಾಗಿರುವುದಿಲ್ಲ.